ಕಥೋಲಿಕರ ನಂಬಿಕೆ ಮತ್ತು ನಡತೆ: ಹುಬ್ಬಳ್ಳಿ-ಧಾರವಾಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಿನಲ್ಲಿ ಚಹಾ ಕುಡಿಯುವಾಗ, ಮದುವೆ ಮನೆಯ ಪಂಕ್ತಿಯಲ್ಲಿ, ಧಾರವಾಡದ ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ ಪ್ರಶ್ನೆಗಳಿವು. ಕೆಲವನ್ನು ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳೇ ಕೇಳಿದ್ದಾರೆ. ನಾನು ಸಿಸ್ಟರ್ ಅಲ್ಲ. ನೌಕರಿ ಮಾಡುತ್ತೇನೆ, ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಪಾಠ ಹೇಳುತ್ತೇನೆ. ಇಲ್ಲಿರುವುದು ಧರ್ಮಸಭೆಯ, ಅಂದರೆ ಇಡೀ ಕಥೋಲಿಕ ಚರ್ಚಿನ ಬೋಧನೆ. ನನ್ನ ಸ್ವಂತ ಮಾತು ಬಂದ ಕಡೆ ಅದು ನನ್ನದು ಅಂತ ಹೇಳಿದ್ದೇನೆ.

ಬಾಸೆಲ್ ಮಿಶನ್ ಚರ್ಚು, ನಿಮ್ಮ ಚರ್ಚು ಎರಡೂ ಒಂದೇ ಏನ್ರೀ?

ಅಲ್ಲ. ನಮ್ಮ ಭಾಗದಲ್ಲಿ ಕ್ರೈಸ್ತರು ಅಂದ ಕೂಡಲೇ ಬಾಸೆಲ್ ಮಿಶನ್ ಶಾಲೆ, ಕಿಟೆಲ್ ಕಾಲೇಜು ನೆನಪಾಗುವುದು ಸಹಜ. ಆ ಮಿಶನ್‌ನವರು 1837ರಲ್ಲೇ ಧಾರವಾಡಕ್ಕೆ ಬಂದವರು. ಅವರು ಪ್ರಾಟೆಸ್ಟೆಂಟರು, ಆ ಸಭೆಗಳು ಈಗ ಸಿ.ಎಸ್.ಐ.ಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿವೆ. ನಾವು ಪೋಪರ ಜೊತೆ ಐಕ್ಯದಲ್ಲಿರುವ ಧರ್ಮಸಭೆಯವರು. ಹುಬ್ಬಳ್ಳಿ-ಧಾರವಾಡ ಮತ್ತು ಗದಗ, ಬೆಳಗಾವಿ ಧರ್ಮಪ್ರಾಂತ್ಯದಲ್ಲಿವೆ, ಅಂದರೆ ಬೆಳಗಾವಿ ಬಿಷಪರ ವ್ಯಾಪ್ತಿಯಲ್ಲಿವೆ. ಅದು ಹುಟ್ಟಿದ್ದು 1953ರಲ್ಲಿ. ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸಕ್ಕೆ ಬಂದ ಗೋವಾದವರು, ತಮಿಳರು, ತೆಲುಗರು, ಆಂಗ್ಲೋ-ಇಂಡಿಯನ್ನರು ನಮ್ಮಲ್ಲಿದ್ದಾರೆ. ಕನ್ನಡ, ಕೊಂಕಣಿ ಮನೆಮಾತಿನವರೂ ಇದ್ದಾರೆ.

ನಮ್ಮ ಬೈಬಲಿನಲ್ಲಿ 73 ಪುಸ್ತಕ, ಅವರದರಲ್ಲಿ 66. ಪೋಪರ ಅಧಿಕಾರ, ಸಂಸ್ಕಾರಗಳ ವಿಷಯದಲ್ಲೂ ವ್ಯತ್ಯಾಸ ಇದೆ. ಆದರೆ ನಂಬುವುದು ಒಬ್ಬನೇ ಯೇಸುವನ್ನು. ಸಿ.ಎಸ್.ಐ.ನಿಂದ ಯಾರಾದರೂ ಕಥೋಲಿಕರಾದರೆ ಅವರಿಗೆ ಮತ್ತೆ ಸ್ನಾನದೀಕ್ಷೆ (ಬ್ಯಾಪ್ಟಿಸಂ) ಕೊಡುವುದಿಲ್ಲ. ಮೊದಲು ಆಗಿದ್ದೇ ನಿಜವಾದ ದೀಕ್ಷೆ.

ಯೇಸು ಒಂದು ಅವತಾರ ಅಂತ ನಾವೂ ಒಪ್ತೀವಿ. ಅಷ್ಟು ಸಾಕಲ್ವಾ?

ಈ ಮಾತನ್ನು ಪ್ರೀತಿಯಿಂದಲೇ ಹೇಳುತ್ತಾರೆ, ನನಗೆ ಗೊತ್ತು. ಅದನ್ನು ಕೇಳಿದಾಗ ಖುಷಿಯೂ ಆಗುತ್ತದೆ. ಆದರೂ ನಮ್ಮ ನಂಬಿಕೆ ಬೇರೆ. ಅವತಾರಗಳು ಧರ್ಮ ಕುಸಿದಾಗೆಲ್ಲ ಮತ್ತೆ ಮತ್ತೆ ಬರುತ್ತವೆ. ದೇವಪುತ್ರ ಒಂದೇ ಸಲ ಮನುಷ್ಯನಾದ ಅಂತ ನಾವು ನಂಬುತ್ತೇವೆ. ಕೆಲಸ ಮುಗಿದ ಮೇಲೆ ಆ ಮೈಯನ್ನು ಕಳಚಿಟ್ಟು ಹೋಗಲಿಲ್ಲ. ಸತ್ತು ಎದ್ದ ಮೇಲೆ ಶಿಷ್ಯರಿಗೆ ಕೈಕಾಲಿನ ಗಾಯ ತೋರಿಸಿದ. ಅವರು ಇನ್ನೂ ನಂಬದೆ ನಿಂತಾಗ, ತಿನ್ನಲು ಏನಾದರೂ ಇದೆಯಾ ಅಂತ ಕೇಳಿ, ಸುಟ್ಟ ಮೀನಿನ ತುಂಡನ್ನು ಅವರ ಕಣ್ಣೆದುರೇ ತಿಂದ. ಲೂಕನ ಶುಭಸಂದೇಶದ 24ನೇ ಅಧ್ಯಾಯದಲ್ಲಿ ಇದೆ. ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ ಅಂತ ಬಿಷಪರೆಲ್ಲ ಸೇರಿದ ಕಾಲ್ಸೆಡನ್ ಮಹಾಸಭೆ 451ರಲ್ಲಿ ಖಚಿತವಾಗಿ ಹೇಳಿತು. ಆತ ಈಗಲೂ ಮನುಷ್ಯನೇ.

ಮುಂದಿನ ಉತ್ತರಗಳಿಗೆಲ್ಲ ಬೇರು ಇಲ್ಲಿದೆ. ದೇವರೇ ತಾಯಿಯ ಗರ್ಭದಲ್ಲಿ ಒಂಬತ್ತು ತಿಂಗಳು ಇದ್ದು, ಹಸಿದು, ಅತ್ತು, ಸತ್ತರು ಅಂದಮೇಲೆ ಮನುಷ್ಯನ ದೇಹ ಸಣ್ಣ ವಿಷಯ ಅಲ್ಲ. ಹುಟ್ಟದ ಮಗುವಿನ ದೇಹ, ಗಂಡಹೆಂಡಿರ ದೇಹ, ಮುದುಕರ ದೇಹ, ಹೆಣ, ಯಾವುದನ್ನೂ ನಾವು ಬೇಕಾದ ಹಾಗೆ ಬಳಸುವಂತಿಲ್ಲ. ನಮ್ಮ ನೈತಿಕ ಬೋಧನೆ ಬರೀ 'ಬೇಡ'ಗಳ ಪಟ್ಟಿ ಅಂತ ಜನ ಅಂದುಕೊಳ್ಳುತ್ತಾರೆ. ಒಂದೊಂದು 'ಬೇಡ'ದ ಹಿಂದೆ ಯಾರೋ ಒಬ್ಬರ ಮೈ ಇದೆ, ಜೀವ ಇದೆ.

ಮೂರ್ತಿ ಪೂಜೆ ಮಾಡಬಾರದು ಅಂತ ನಿಮ್ಮ ಬೈಬಲ್ಲೇ ಹೇಳುತ್ತದೆ. ಚರ್ಚಿನ ತುಂಬ ಮೂರ್ತಿ ಯಾಕೆ?

ವಿಮೋಚನಾಕಾಂಡದ 20ನೇ ಅಧ್ಯಾಯ ಮೂರ್ತಿ ಮಾಡಿ ಪೂಜಿಸಬೇಡ ಅನ್ನುತ್ತದೆ, ನಿಜ. ಅದೇ ಪುಸ್ತಕದ 25ನೇ ಅಧ್ಯಾಯದಲ್ಲಿ ಮಂಜೂಷದ (ದೇವರ ಆಜ್ಞೆಗಳನ್ನು ಇಡುವ ಪೆಟ್ಟಿಗೆಯ) ಮೇಲೆ ಬಂಗಾರದ ದೇವದೂತರನ್ನು ಮಾಡಿಸು ಅಂತ ದೇವರೇ ಹೇಳುತ್ತಾರೆ. ಮೋಶೆಯಿಂದ ಕಂಚಿನ ಸರ್ಪ ಮಾಡಿಸಿದ್ದೂ ದೇವರೇ. ನೂರಾರು ವರ್ಷ ಆದ ಮೇಲೆ ಜನ ಆ ಸರ್ಪಕ್ಕೇ ಧೂಪ ಹಾಕತೊಡಗಿದರು. ಆಗ ರಾಜ ಹಿಜ್ಕೀಯ ಅದನ್ನು ಒಡೆದು ಹಾಕಿಸಿದ. ನೋಡಿ, ತಪ್ಪಿದ್ದದ್ದು ಜನ ಅದನ್ನು ದೇವರ ಜಾಗದಲ್ಲಿ ಕೂರಿಸಿದ್ದರಲ್ಲಿ. ಮೂರ್ತಿಗೆ ಕೊಡುವ ಗೌರವ ಅದು ತೋರಿಸುವ ವ್ಯಕ್ತಿಗೆ ಸಲ್ಲುತ್ತದೆ, ಆರಾಧನೆ ದೇವರಿಗೆ ಮಾತ್ರ ಅಂತ ಎರಡನೇ ನಿಸೇಯ ಮಹಾಸಭೆ 787ರಲ್ಲಿ ತೀರ್ಮಾನಿಸಿತು. ನಮ್ಮ ಚರ್ಚಿನ ಮೂರ್ತಿ ಬಿದ್ದು ಒಡೆದರೆ ಇನ್ನೊಂದು ತರುತ್ತೇವೆ. ದೇವರಿಗೆ ಏನೂ ಆಗಿರುವುದಿಲ್ಲ.

ನನ್ನ ಮಾತು ಒಂದು: ನಮ್ಮ ಜನರಲ್ಲೂ ಕೆಲವರು ಸಂತ ಅಂತೋಣಿಯವರ ಮೂರ್ತಿಯ ಮುಂದೆ ವ್ಯಾಪಾರದ ಮಾತಾಡುತ್ತಾರೆ. ಇಷ್ಟು ಮೇಣದಬತ್ತಿ ಹಚ್ಚುತ್ತೇನೆ, ಆ ಕೆಲಸ ಆಗಲಿ ಅಂತ. ಅದು ಭಕ್ತಿ ಅಲ್ಲ. ತರಗತಿಯಲ್ಲಿ ಮಕ್ಕಳಿಗೆ ಇದನ್ನು ನೇರವಾಗಿಯೇ ಹೇಳುತ್ತೇನೆ.

ಮರಿಯಮ್ಮನವರು ನಿಮಗೆ ದೇವಿ ಅಲ್ವಾ?

ಅಲ್ಲ. ಅವರು ನಮ್ಮ ನಿಮ್ಮ ಹಾಗೆ ಮನುಷ್ಯರು, ತಮ್ಮ ಮಗನಿಂದಲೇ ಉದ್ಧಾರ ಪಡೆದವರು. 431ರ ಎಫೆಸ ಮಹಾಸಭೆ ಅವರನ್ನು ದೇವಮಾತೆ ಅಂತ ಕರೆದದ್ದು ಯೇಸು ಯಾರು ಅನ್ನುವುದನ್ನು ಕಾಪಾಡಲಿಕ್ಕೆ. ಅವರ ಹೊಟ್ಟೆಯಲ್ಲಿ ಹುಟ್ಟಿದಾತ ನಿಜವಾಗಿ ದೇವರು ಅಂತ ಹೇಳಲಿಕ್ಕೆ. ಜಪಸರ (ರೋಸರಿ) ಹಿಡಿದು ಅವರನ್ನು ಕೇಳುವುದು ಇಷ್ಟೇ: ಪಾಪಿಗಳಾದ ನಮಗಾಗಿ ಈಗಲೂ, ನಾವು ಸಾಯುವ ಹೊತ್ತಿನಲ್ಲೂ ಪ್ರಾರ್ಥಿಸಿ. ತಮಿಳುನಾಡಿನ ವೇಲಾಂಗಣಿ ಮಾತೆಯ ಚರ್ಚಿಗೆ ಹೋಗುವವರು ಬೇಡುವುದೂ ಇದನ್ನೇ.

ನೀವೂ ವಿಭೂತಿ ಹಚ್ಕೋತೀರೇನ್ರೀ?

ಹೌದು, ವರ್ಷಕ್ಕೊಮ್ಮೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಂದು. ಅಂದು ನಾನು ಹಣೆಯ ಗುರುತು ಒರೆಸಿಕೊಳ್ಳದೆ ಆಫೀಸಿಗೆ ಹೋಗುತ್ತೇನೆ. ಲಿಂಗಾಯತ ಗೆಳತಿಯರು ನೋಡಿದ ಕೂಡಲೇ ಕೇಳುತ್ತಾರೆ.

ಈ ಬೂದಿ ಎಲ್ಲಿಂದ ಬರುತ್ತದೆ ಅಂದರೆ, ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿ ಕೊಟ್ಟ ಗರಿಗಳನ್ನು ಮನೆಯಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟಿರುತ್ತೇವೆ. ಒಣಗಿ, ಮುಟ್ಟಿದರೆ ಮುರಿಯುವ ಹಾಗಾಗಿರುತ್ತವೆ. ಅವನ್ನು ಚರ್ಚಿಗೆ ತಂದುಕೊಡುತ್ತೇವೆ. ಅಲ್ಲಿ ಸುಟ್ಟು, ನುಣ್ಣಗೆ ಜರಡಿ ಹಿಡಿಯುತ್ತಾರೆ. ಫಾದರ್ ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಎಳೆದು, ನೀನು ಮಣ್ಣು, ಮತ್ತೆ ಮಣ್ಣಿಗೇ ಹೋಗುವೆ ಅಂತ ನೆನಪಿಸುತ್ತಾರೆ. ಕಳೆದ ವರ್ಷ ಯೇಸುವಿಗೆ ಜಯವಾಗಲಿ ಅಂತ ಕೂಗುತ್ತ ಹಿಡಿದ ಗರಿಯೇ ಈ ವರ್ಷದ ಬೂದಿ. ಜೈಕಾರ ಹಾಕಿದವರು ನಾವೇ, ವರ್ಷವಿಡೀ ಮರೆತವರೂ ನಾವೇ.

ಅಂದು ಮತ್ತು ಶುಭ ಶುಕ್ರವಾರ ಉಪವಾಸ. 18 ತುಂಬಿದವರಿಂದ 59 ತುಂಬುವವರೆಗೆ ಕಡ್ಡಾಯ. ದಿನಕ್ಕೆ ಒಂದೇ ಪೂರ್ತಿ ಊಟ. 14 ತುಂಬಿದ ಎಲ್ಲರಿಗೂ ಅಂದು ಮಾಂಸ ಇಲ್ಲ. ಕಾಯಿಲೆಯವರಿಗೆ, ಬಸುರಿಯರಿಗೆ ಉಪವಾಸ ಇಲ್ಲ.

ಮದುವೆಗೆ ಬಂದಾಗ ಎಲ್ಲರೂ ಸಾಲಿನಲ್ಲಿ ಹೋಗಿ ಪ್ರಸಾದ ತಗೊಂಡರು. ನಮಗೆ ಯಾಕೆ ಕೊಡಲಿಲ್ಲ?

ಇದರಿಂದ ಎಷ್ಟೋ ಜನರಿಗೆ ಬೇಜಾರಾಗಿದೆ. ನಮ್ಮವರು ಮೊದಲೇ ತಿಳಿಸಬೇಕು, ಬಹಳ ಕಡೆ ತಿಳಿಸುವುದಿಲ್ಲ. ಮಠದಲ್ಲಿ, ಗುಡಿಯಲ್ಲಿ ಬಂದವರಿಗೆಲ್ಲ ಪ್ರಸಾದ ಸಿಗುತ್ತದೆ. ಹಾಗಾಗಿ ಇಲ್ಲಿ ಇಲ್ಲ ಅಂದರೆ ನಮ್ಮನ್ನು ದೂರ ಇಟ್ಟರು ಅನ್ನಿಸುವುದು ಸಹಜವೇ.

ನಮ್ಮ ನಂಬಿಕೆಯ ಪ್ರಕಾರ, ಬಲಿಪೂಜೆಯಲ್ಲಿ (ಚರ್ಚಿನ ಪೂಜೆಯಲ್ಲಿ) ಗುರುಗಳು, ಅಂದರೆ ಫಾದರ್, ಯೇಸುವಿನ ಮಾತುಗಳನ್ನು ಹೇಳಿದಾಗ ಆ ರೊಟ್ಟಿ ಯೇಸುವಿನ ದೇಹವೇ ಆಗುತ್ತದೆ. ಬರೀ ಗುರುತು ಅಲ್ಲ. ಯೊವಾನ್ನನ 6ನೇ ಅಧ್ಯಾಯದಲ್ಲಿ ಯೇಸು ಇದನ್ನು ಹೇಳಿದಾಗ ಎಷ್ಟೋ ಶಿಷ್ಯರು, ಇದು ಬಹಳ ಕಠಿಣ ಮಾತು ಅಂತ ಬಿಟ್ಟು ಹೋದರು. ನಾನು ಸುಮ್ನೆ ಹಾಗಂದೆ ಅಂತ ಆತ ಅವರನ್ನು ವಾಪಸ್ ಕರೆಯಲಿಲ್ಲ. ಉಳಿದ ಹನ್ನೆರಡು ಮಂದಿಗೆ, ನೀವೂ ಹೋಗುತ್ತೀರಾ ಅಂತ ಕೇಳಿದ. ಹಾಗಾಗಿ ಈ ಪರಮಪ್ರಸಾದ ತೆಗೆದುಕೊಳ್ಳುವುದು ಅಂದರೆ ಇದನ್ನೆಲ್ಲ ನಂಬುತ್ತೇನೆ ಅಂತ ಮೈಯಿಂದ ಹೇಳಿದ ಹಾಗೆ. ನಂಬದವರ ಬಾಯಿಂದ ಆ ಮಾತು ಹೇಳಿಸುವುದು ನಾವು ಮಾಡುವ ಅಗೌರವ. ಕಥೋಲಿಕರಿಗೂ ಸಡಿಲಿಕೆ ಇಲ್ಲ: ದೊಡ್ಡ ಪಾಪ ಮಾಡಿದ್ದರೆ ಮೊದಲು ಪಾಪನಿವೇದನೆ (ಫಾದರ್ ಹತ್ತಿರ ಪಾಪ ಹೇಳಿಕೊಳ್ಳುವುದು) ಆಗಬೇಕು.

ನೀವು ಸಾಲಿನಲ್ಲಿ ಬರಬಾರದು ಅಂತೇನಿಲ್ಲ. ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಂಡು ಬನ್ನಿ. ಎಷ್ಟೋ ಕಡೆ ಫಾದರ್ ನಿಮ್ಮನ್ನು ಆಶೀರ್ವದಿಸುತ್ತಾರೆ.

ಗಣಪತಿ ಹಬ್ಬದಲ್ಲಿ ಪಕ್ಕದ ಮನೆಯವರು ಕೊಟ್ಟಿದ್ದನ್ನು ತಿನ್ನಬಹುದಾ?

ನಮ್ಮ ತರಗತಿಯ ಮಕ್ಕಳ ಪ್ರಶ್ನೆ ಇದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ರಿಂದ 10ನೇ ಅಧ್ಯಾಯಗಳು ಹೆಚ್ಚು ಕಡಿಮೆ ಇದರ ಮೇಲೆಯೇ ಇವೆ. ಅವರು ಎರಡು ಮಾತು ಹೇಳುತ್ತಾರೆ. ಬೇರೆಯವರ ಪೂಜೆಯಲ್ಲಿ ಪಾಲು ತೆಗೆದುಕೊಳ್ಳಬೇಡಿ. ಯಾರಾದರೂ ಮನೆಗೆ ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ, ಆದರೆ ಅದರಿಂದ ಇನ್ನೊಬ್ಬರ ಮನಸ್ಸಿಗೆ ಗೊಂದಲ ಆಗುವಂತಿದ್ದರೆ ಬಿಡಿ. ಹಬ್ಬದ ದಿನ ನೆರೆಮನೆಯ ಅಕ್ಕಾರು ಕರ್ಚಿಕಾಯಿ, ಕಡುಬು ಕಳಿಸಿದರೆ ನಾವು ಖುಷಿಯಿಂದ ತಿನ್ನುತ್ತೇವೆ. ಕ್ರಿಸ್ಮಸ್‌ಗೆ ಅದೇ ಡಬ್ಬಿಯಲ್ಲಿ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಹಾಕಿ ಕಳಿಸುತ್ತೇವೆ. ಆರತಿ ಎತ್ತು ಅಂದರೆ, ಬೇಡ ಅಕ್ಕಾ ಅಂತ ಮಕ್ಕಳು ಮೆಲ್ಲಗೆ ಹೇಳಬೇಕು. ಇದುವರೆಗೆ ಯಾರೂ ಇದಕ್ಕೆ ಬೇಜಾರು ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ.

ಪಾಪವನ್ನು ಫಾದರ್ ಹತ್ತಿರ ಹೇಳಿ, ಮತ್ತೆ ಅದನ್ನೇ ಮಾಡಬಹುದಲ್ಲ?

ಹಾಗೆ ಅಂದುಕೊಂಡು ಹೋದರೆ ಕ್ಷಮೆಯೇ ಸಿಗುವುದಿಲ್ಲ. ಪಶ್ಚಾತ್ತಾಪ ಇರಬೇಕು, ಇನ್ನು ಮಾಡುವುದಿಲ್ಲ ಅನ್ನುವ ಗಟ್ಟಿ ಮನಸ್ಸು ಇರಬೇಕು, ಹಾನಿ ಸರಿಪಡಿಸಬೇಕು. ಲಂಚ ತಿಂದವರು 'ಕ್ಷಮಿಸಿ' ಅಂದರೆ ಮುಗಿಯಲಿಲ್ಲ. ದುಡ್ಡು ವಾಪಸ್ ಕೊಡಬೇಕು. ಒಬ್ಬರ ಹೆಸರು ಕೆಡಿಸಿದ್ದರೆ ಹೋಗಿ ಸರಿಮಾಡಬೇಕು. ಎದ್ದ ಯೇಸು ಶಿಷ್ಯರ ಮೇಲೆ ಉಸಿರೂದಿ, ಪಾಪ ಕ್ಷಮಿಸುವ ಅಧಿಕಾರ ಕೊಟ್ಟದ್ದು ಯೊವಾನ್ನ 20ರಲ್ಲಿ ಇದೆ. ಕ್ಷಮಿಸುವುದು ದೇವರು. ಫಾದರ್ ಬಾಯಿಂದ ಆ ಮಾತು ನಮ್ಮ ಕಿವಿಗೆ ಬೀಳುತ್ತದೆ. ಒಳಗೊಳಗೇ ದೇವರ ಹತ್ತಿರ ಹೇಳಿಕೊಂಡರೆ ಸಾಲದಾ ಅನ್ನುತ್ತಾರೆ. ಬಾಯಿಬಿಟ್ಟು ಹೇಳಿದಾಗಲೇ ನಾವು ನಮಗೆ ಸುಳ್ಳು ಹೇಳಿಕೊಳ್ಳುವುದು ನಿಲ್ಲುತ್ತದೆ, ಇದು ನನ್ನ ಅನುಭವ.

ಕೇಳಿದ್ದನ್ನು ಫಾದರ್ ಯಾರಿಗೂ ಹೇಳುವಂತಿಲ್ಲ, ಜೀವ ಹೋದರೂ. ಬೇಕಂತಲೇ ನೇರವಾಗಿ ಬಯಲು ಮಾಡಿದ ಗುರು ಧರ್ಮಸಭೆಯಿಂದ ತಾನಾಗಿಯೇ ಬಹಿಷ್ಕೃತ ಆಗುತ್ತಾನೆ.

ಪೋಪ್ ತಪ್ಪೇ ಮಾಡಲ್ವಾ?

ಮಾಡುತ್ತಾರೆ. ಪೋಪರೂ ಪಾಪನಿವೇದನೆ ಮಾಡುತ್ತಾರೆ. ಮೊದಲ ಪೋಪ್ ಸಂತ ಪೇತ್ರರು ಯೇಸುವನ್ನು ಮೂರು ಸಲ ಗೊತ್ತಿಲ್ಲ ಅಂದವರು. 1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆ ಹೇಳಿದ್ದು ಇಷ್ಟೇ: ನಂಬಿಕೆ ಅಥವಾ ನೀತಿಯ ವಿಷಯದಲ್ಲಿ ಇಡೀ ಧರ್ಮಸಭೆಗೆ ಕಟ್ಟುಬೀಳುವ ಅಂತಿಮ ತೀರ್ಮಾನ ಕೊಡುವಾಗ ಪೋಪರು ತಪ್ಪದಂತೆ ದೇವರು ಕಾಯುತ್ತಾರೆ. ಆಮೇಲೆ ಈ ರೀತಿ ಘೋಷಣೆ ಆಗಿದ್ದು 1950ರಲ್ಲಿ, ಮಾತೆ ಮರಿಯ ದೇಹಸಮೇತ ಸ್ವರ್ಗಕ್ಕೆ ಎತ್ತಲ್ಪಟ್ಟರು ಅಂತ. ಈಗಿನ ಪೋಪ್ 14ನೇ ಲಿಯೋ, 2025ರ ಮೇ 8ರಂದು ಆಯ್ಕೆಯಾದರು. ಯಾರಿಗೆ ಓಟು ಹಾಕಬೇಕು ಅಂತ ಅವರು ನಮಗೆ ಹೇಳುವುದಿಲ್ಲ.

ನೀವು ಮತಾಂತರ ಮಾಡ್ತೀರಿ ಅಂತಾರಲ್ಲ?

ಯಾರನ್ನೂ ಒತ್ತಾಯ ಮಾಡಿ, ಆಸೆ ತೋರಿಸಿ ಧರ್ಮಸಭೆಗೆ ಸೇರಿಸಬಾರದು ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮನಸ್ಸಾಕ್ಷಿಗೆ ವಿರುದ್ಧವಾಗಿ ಕಥೋಲಿಕ ನಂಬಿಕೆಗೆ ಯಾರನ್ನೂ ಬಲವಂತ ಮಾಡುವಂತಿಲ್ಲ ಅಂತ ನಮ್ಮ ಧರ್ಮಸಭಾ ಕಾನೂನಿನಲ್ಲೂ ಇದೆ. ಒಂದು ಚೀಲ ಅಕ್ಕಿಗೆ, ಶಾಲೆಯ ಸೀಟಿಗೆ ದೀಕ್ಷೆ ಕೊಟ್ಟರೆ ಅದು ಯೇಸುವಿಗೇ ಮಾಡಿದ ಅವಮಾನ. ದೊಡ್ಡವರು ತಾವಾಗಿ ಬಂದು ಕೇಳಿದರೂ ಮರುದಿನವೇ ದೀಕ್ಷೆ ಇಲ್ಲ. ತಿಂಗಳುಗಟ್ಟಲೆ ಕಲಿಯಬೇಕು, ಪ್ರಾರ್ಥಿಸಬೇಕು. ನಡುವೆ ಬೇಡ ಅನ್ನಿಸಿದರೆ ಧಾರಾಳವಾಗಿ ಬಿಡಬಹುದು. ದೀಕ್ಷೆ ಸಾಮಾನ್ಯವಾಗಿ ಪಾಸ್ಖ (ಈಸ್ಟರ್) ಹಬ್ಬದ ರಾತ್ರಿ.

ಹಾಗಂತ ನಾವು ಯೇಸುವಿನ ಬಗ್ಗೆ ಮಾತಾಡುವುದನ್ನು ಬಿಡುವುದಿಲ್ಲ. ಅದು ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟ ಹಕ್ಕು. ಕೇಳಿದವರು ಬೇಡ ಅಂದರೆ ಗೆಳೆತನ ಮುಂದುವರಿಯುತ್ತದೆ, ಅಷ್ಟೇ.

ನಿಮ್ಮಲ್ಲೂ ಜಾತಿ ಇದೆಯಲ್ಲ?

ಇದೆ. ಮದುವೆ ಮಾತುಕತೆಯಲ್ಲಿ ಬಯಲಿಗೆ ಬರುತ್ತದೆ. ಜಾತಿಭೇದ ಪಾಪ ಅಂತ ಭಾರತದ ಬಿಷಪರು ಹೇಳಿದ್ದಾರೆ. 2016ರಲ್ಲಿ ದಲಿತ ಕ್ರೈಸ್ತರ ಬಗ್ಗೆ ಒಂದು ನೀತಿಯನ್ನೂ ಹೊರತಂದರು. ಒಂದೇ ಪರಮಪ್ರಸಾದ ತಿಂದು ಹೊರಗೆ ಬಂದು ಜಾತಿ ಕೇಳುವವರು ಏನು ತಿಂದೆವು ಅಂತ ತಿಳಿದಿಲ್ಲ. ಇದಕ್ಕೆ ನಾನು ಯಾವ ಸಮರ್ಥನೆಯನ್ನೂ ಕೊಡುವುದಿಲ್ಲ.

ಹುಡುಗ ಲಿಂಗಾಯತ, ಹುಡುಗಿ ಕಥೋಲಿಕಳು. ಚರ್ಚಿನಲ್ಲಿ ಮದುವೆ ಆಗುತ್ತದಾ?

ಆಗುತ್ತದೆ, ಹುಡುಗ ಧರ್ಮ ಬದಲಿಸಬೇಕಿಲ್ಲ. ಬಿಷಪರಿಂದ ವಿಶೇಷ ಅನುಮತಿ ಬೇಕು. ಅದಕ್ಕೆ ನಿಮ್ಮ ಧರ್ಮಕೇಂದ್ರದ ಫಾದರ್ ಮೂಲಕ ಅರ್ಜಿ ಹಾಕಬೇಕು. ನನ್ನ ನಂಬಿಕೆ ಬಿಡುವುದಿಲ್ಲ, ಮಕ್ಕಳಿಗೆ ಸ್ನಾನದೀಕ್ಷೆ ಕೊಡಿಸಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆ ಅಂತ ಹುಡುಗಿ ಮಾತು ಕೊಡಬೇಕು. ಹುಡುಗ ಏನೂ ಮಾತು ಕೊಡಬೇಕಿಲ್ಲ. ಆದರೆ ಹುಡುಗಿ ಕೊಟ್ಟ ಮಾತು ಅವನಿಗೆ ಗೊತ್ತಿರಬೇಕು. ದಯವಿಟ್ಟು ಇದನ್ನು ಹಾಲ್ ಬುಕ್ ಮಾಡುವ ಮೊದಲೇ ಇಬ್ಬರೂ ಕೂತು ಮಾತಾಡಿ. ಎರಡೂ ಮನೆಯ ಹಿರಿಯರಿಗೂ ಹೇಳಿ. ಮಗು ಹುಟ್ಟಿದ ಮೇಲೆ ತೊಟ್ಟಿಲಿನ ಮುಂದೆ ಈ ಚರ್ಚೆ ಶುರುವಾದರೆ ಬಹಳ ಕಷ್ಟ.

ನಿಮ್ಮಲ್ಲಿ ಡೈವೋರ್ಸ್ ಇಲ್ಲ, ಆದರೆ ಮದುವೆ ರದ್ದು ಮಾಡ್ತೀರಿ. ಎರಡೂ ಒಂದೇ ಅಲ್ವಾ?

ಅಲ್ಲ. ಹೊಲ ಖರೀದಿಯ ಉದಾಹರಣೆ ತಗೊಳ್ಳಿ. ಸರಿಯಾಗಿ ಆದ ಖರೀದಿಯನ್ನು ಆಮೇಲೆ ಮುರಿಯುವುದು ಒಂದು. ಮಾರಿದವನಿಗೆ ಆ ಹೊಲದ ಮೇಲೆ ಹಕ್ಕೇ ಇರಲಿಲ್ಲ, ಹಾಗಾಗಿ ಖರೀದಿ ಆಗಿಯೇ ಇರಲಿಲ್ಲ ಅಂತ ಕೋರ್ಟು ಹೇಳುವುದು ಇನ್ನೊಂದು. ಚರ್ಚಿನ ನ್ಯಾಯಪೀಠ ನೋಡುವುದು ಎರಡನೆಯದನ್ನು. ಮದುವೆಯ ದಿನ ಒಪ್ಪಿಗೆ ನಿಜವಾಗಿತ್ತಾ? ಹೆದರಿಸಿದ್ದರಾ? ಮಕ್ಕಳೇ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದರಾ? ದೊಡ್ಡ ವಿಷಯ ಮುಚ್ಚಿಟ್ಟು ಮೋಸ ಮಾಡಿದ್ದರಾ? ಸಾಕ್ಷಿ, ದಾಖಲೆ ಎಲ್ಲ ಬೇಕು. ಪೋಪ್ ಫ್ರಾನ್ಸಿಸ್ 2015ರಲ್ಲಿ ಈ ವಿಚಾರಣೆಯನ್ನು ಸ್ವಲ್ಪ ಸರಳ ಮಾಡಿದರು.

ಎರಡು ವಿಷಯ ಮರೆಯಬೇಡಿ. ಚರ್ಚಿನ ತೀರ್ಪು ಸರ್ಕಾರದ ಲೆಕ್ಕದಲ್ಲಿ ವಿಚ್ಛೇದನ ಅಲ್ಲ. ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಹೇಳಿದೆ, ಸಿವಿಲ್ ಕೋರ್ಟಿಗೆ ಬೇರೆ ಹೋಗಬೇಕು. ಇನ್ನೊಂದು, ಹೊಡೆಯುವ ಗಂಡನ ಜೊತೆ ಇರಲೇಬೇಕು ಅಂತ ಧರ್ಮಸಭೆ ಎಂದೂ ಹೇಳಿಲ್ಲ. ಹೆಂಡತಿಗೆ, ಮಕ್ಕಳಿಗೆ ಅಪಾಯ ಇದ್ದರೆ ಬೇರೆ ಇರಬಹುದು. ಸಹಿಸಿಕೋ ತಂಗಿ, ಅದೇ ನಿನ್ನ ಶಿಲುಬೆ ಅಂತ ಉಪದೇಶ ಮಾಡುವವರ ಮಾತು ಕೇಳಬೇಡಿ.

ಗರ್ಭನಿರೋಧಕ ಬೇಡ, ಐವಿಎಫ್ ಬೇಡ. ಯಾಕೆ ಇಷ್ಟು ಬಿಗಿ?

1968ರಲ್ಲಿ ಪೋಪ್ 6ನೇ ಪೌಲ್ ಹೇಳಿದ್ದು: ಗಂಡಹೆಂಡಿರ ಕೂಡುವಿಕೆಯಲ್ಲಿ ಒಲವು ಮತ್ತು ಮಗುವಿಗೆ ತೆರೆದ ಮನಸ್ಸು, ಈ ಎರಡನ್ನು ಬೇಕಂತಲೇ ಬೇರೆ ಮಾಡಬಾರದು. ಎಷ್ಟು ಮಕ್ಕಳು, ಎಷ್ಟು ಅಂತರ ಅಂತ ದಂಪತಿ ಯೋಚಿಸಲೇಬೇಕು. ಹೆಣ್ಣಿನ ದೇಹದ ಫಲವತ್ತಾದ ದಿನಗಳನ್ನು ಗಮನಿಸಿ ಆ ದಿನಗಳಲ್ಲಿ ದೂರ ಇರಬಹುದು. ಅಲ್ಲಿ ಗಂಡನೂ ಸಂಯಮ ಕಲಿಯಬೇಕು. ನಮ್ಮ ಕಡೆ ಆಪರೇಷನ್ ಮಾಡಿಸಿಕೊಳ್ಳುವುದು ಸಾಮಾನ್ಯವಾಗಿ ಹೆಂಗಸರೇ, ಅಲ್ವಾ? ಇದು ಕಷ್ಟದ ಬೋಧನೆ, ಪಾಲಿಸದ ಕಥೋಲಿಕರು ಬಹಳ ಜನ. ಆದರೂ ಹೆಣ್ಣಿನ ಮೈಯನ್ನು ಅದಿರುವ ಹಾಗೇ ಗೌರವಿಸು ಅನ್ನುವ ಈ ಮಾತು ನನಗೆ ಸರಿ ಕಾಣುತ್ತದೆ.

ಐವಿಎಫ್‌ನಲ್ಲಿ ಮಗು ಲ್ಯಾಬಿನಲ್ಲಿ ತಯಾರಾಗುತ್ತದೆ. ಉಳಿದ ಭ್ರೂಣಗಳನ್ನು ಎಷ್ಟೋ ಸಲ ಫ್ರೀಜ್ ಮಾಡುತ್ತಾರೆ, ಇಲ್ಲವೇ ಬಿಸಾಡುತ್ತಾರೆ. ಅದಕ್ಕೇ ಬೇಡ ಅನ್ನುವುದು. ಬಂಜೆತನಕ್ಕೆ ಔಷಧಿ, ಶಸ್ತ್ರಚಿಕಿತ್ಸೆ ಧಾರಾಳವಾಗಿ ಮಾಡಿಸಬಹುದು. ಐವಿಎಫ್‌ನಿಂದ ಹುಟ್ಟಿದ ಮಗು ಎಲ್ಲ ಮಕ್ಕಳಂತೆ ದೇವರ ಮಗು. ಮಕ್ಕಳಿಲ್ಲ ಅಂತ ಸೊಸೆಗೆ ಚುಚ್ಚಿ ಮಾತಾಡುವುದೂ ಪಾಪವೇ.

ಗರ್ಭಪಾತಕ್ಕೆ ಕಾನೂನಿನ ಅನುಮತಿ ಇದೆ. ನಿಮ್ಮದೇನು ತಕರಾರು?

1971ರ ಕಾಯ್ದೆ ಕೆಲವು ಸಂದರ್ಭಗಳಲ್ಲಿ ಅನುಮತಿ ಕೊಡುತ್ತದೆ. ಆದರೆ ಕಾನೂನು ಬಿಟ್ಟಿದ್ದೆಲ್ಲ ಸರಿ ಅಂತಲ್ಲ. ಹೆಣ್ಣು ಅಂತ ಗೊತ್ತಾದ ಕೂಡಲೇ ತೆಗೆಸುವುದು ಘೋರ ಅಂತ ನಾವೆಲ್ಲ ಒಪ್ಪುತ್ತೇವೆ. ಲಿಂಗಪತ್ತೆ ತಡೆಯಲು 1994ರಲ್ಲಿ ಕಾನೂನೇ ಬಂತು. ಅಲ್ಲಿ ಸಾಯುವುದು ಒಬ್ಬ ಮಗಳು ಅಂತ ನಮಗೆ ಅನ್ನಿಸುತ್ತದೆ. ಹಾಗಾದರೆ ಬೇರೆ ಕಾರಣಕ್ಕೆ ತೆಗೆಸಿದಾಗ ಅದೇ ವಯಸ್ಸಿನ ಭ್ರೂಣ ಮಗು ಅಲ್ಲ ಅನ್ನುವುದು ಹೇಗೆ? ನಮ್ಮ ಉತ್ತರ: ಬಸಿರು ನಿಂತ ಕ್ಷಣದಿಂದ ಅದು ಮನುಷ್ಯ ಜೀವ. ತಾಯಿಯ ಜೀವ ಉಳಿಸಲು ಬೇಕೇಬೇಕಾದ ಚಿಕಿತ್ಸೆ, ಉದಾಹರಣೆಗೆ ಕ್ಯಾನ್ಸರ್ ಆದ ಗರ್ಭಕೋಶ ತೆಗೆಯುವುದು, ಕೊಡಬಹುದು. ಅದರಿಂದ ಮಗು ಉಳಿಯದಿದ್ದರೆ ಅದು ಕೊಲೆ ಅಲ್ಲ.

ಗರ್ಭಪಾತ ಮಾಡಿಸಿಕೊಂಡ ಅಕ್ಕತಂಗಿಯರು ಇದನ್ನು ಓದುತ್ತಿದ್ದರೆ ನಿಮಗೊಂದು ಮಾತು. ಎಷ್ಟೋ ಸಲ ನಿಮ್ಮನ್ನು ಅಲ್ಲಿಗೆ ತಳ್ಳಿದವರು ಬೇರೆಯೇ ಇರುತ್ತಾರೆ. ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಎಲ್ಲ ಗುರುಗಳಿಗೂ ಖಾಯಂ ಆಗಿ ಕೊಟ್ಟರು. ಯಾವ ಫಾದರ್ ಬಳಿಯಾದರೂ ಹೋಗಿ. ಬಾಗಿಲು ತೆರೆದಿದೆ.

ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನಲ್ಲಿ ಮಣ್ಣು ಇಲ್ಲ ಅಂತಾರಲ್ಲ?

ಹಳೆಯ ಮಾತು. 1917ರ ಧರ್ಮಸಭಾ ಕಾನೂನಿನಲ್ಲಿ ಹಾಗಿತ್ತು. 1983ರ ಕಾನೂನಿನಲ್ಲಿ ಆ ನಿಷೇಧ ಇಲ್ಲ. ಜೀವ ದೇವರು ಕೊಟ್ಟದ್ದು, ಅದನ್ನು ತೆಗೆದುಕೊಳ್ಳುವುದು ತಪ್ಪು, ಅದರಲ್ಲಿ ಬದಲಾವಣೆ ಇಲ್ಲ. ಆದರೆ ಮನೋರೋಗ, ತೀರದ ಸಂಕಟ, ಭಯ ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತವೆ ಅಂತ ಕಥೋಲಿಕ ಧರ್ಮೋಪದೇಶ ಅನ್ನುವ ನಮ್ಮ ಬೋಧನೆಯ ಪುಸ್ತಕದಲ್ಲೇ ಬರೆದಿದೆ. ಅವರ ಉದ್ಧಾರದ ಬಗ್ಗೆ ಆಸೆ ಬಿಡಬೇಡಿ ಅಂತಲೂ ಇದೆ. ಹಾವೇರಿ, ಗದಗ ಕಡೆ ಸಾಲದ ಭಾರಕ್ಕೆ ಜೀವ ಬಿಟ್ಟ ರೈತರ ಮನೆಗಳಿವೆ. ಆ ಮನೆಯವರ ಮುಂದೆ ನರಕದ ಮಾತು ತೆಗೆಯುವ ಹಕ್ಕು ಯಾರಿಗೂ ಇಲ್ಲ. ಹೋಗಿ ಜೊತೆಗೆ ಕೂರಿ, ಸತ್ತವರಿಗಾಗಿ ಪೂಜೆ ಮಾಡಿಸಿ. ಬದುಕು ಬೇಡ ಅನ್ನಿಸುತ್ತಿರುವುದು ನಿಮಗೇ ಆಗಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಈಗಲೇ ಫೋನ್ ಮಾಡಿ: 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೆಣ ಸುಡಬಹುದಾ?

ಸುಡಬಹುದು, 1963ರಿಂದ ಅನುಮತಿ ಇದೆ. ಹೂಳುವುದು ಉತ್ತಮ ಅನ್ನುತ್ತದೆ ಧರ್ಮಸಭೆ. ಸುಟ್ಟರೆ ಬೂದಿಯನ್ನು ನೀರಿಗೆ ಬಿಡದೆ ಸ್ಮಶಾನದಂಥ ಪವಿತ್ರ ಜಾಗದಲ್ಲಿ ಇಡಬೇಕು.

ಫಾದರ್‌ಗಳೇ ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಸುದ್ದಿ ಓದಿದ್ದೇವೆ. ನೀವು ನೀತಿ ಹೇಳೋದು ಹೇಗೆ?

ಓದಿದ್ದು ನಿಜ. ಕೆಲವು ಗುರುಗಳು ಮಾಡಿದರು, ಕೆಲವು ಬಿಷಪರು ಮುಚ್ಚಿಟ್ಟರು. ಮಕ್ಕಳ ದೇಹ ಪವಿತ್ರ ಅಂತ ಹೇಳಬೇಕಾದವರೇ ಅದನ್ನು ಕೆಡಿಸಿದ್ದಕ್ಕೆ ಈ ಪಾಪ ಇನ್ನೂ ಭಾರ. ದೂರು ಬಂದಾಗ ಬಿಷಪರು ಏನು ಮಾಡಬೇಕು ಅಂತ 2019ರಲ್ಲಿ ಪೋಪ್ ಫ್ರಾನ್ಸಿಸ್ ಕಡ್ಡಾಯ ನಿಯಮ ತಂದರು. ನಮ್ಮ ದೇಶದಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಇದೆ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಗು ಏನಾದರೂ ಹೇಳಿದರೆ ಮೊದಲು ನಂಬಿ, ಆಮೇಲೆ ನೇರ ಠಾಣೆಗೆ ಹೋಗಿ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಚರ್ಚಿನ ಮರ್ಯಾದೆ ಅಂತ ಯಾರಾದರೂ ತಡೆದರೆ ಕೇಳಬೇಡಿ. ನೀತಿ ನಮ್ಮದಲ್ಲ, ದೇವರದ್ದು. ಅದು ಮೊದಲು ನಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ.

ನಾನು ಕಥೋಲಿಕ. ಆದರೆ ಇದರಲ್ಲಿ ಕೆಲವನ್ನು ಒಪ್ಪಲು ಆಗುತ್ತಿಲ್ಲ. ಚರ್ಚಿಗೆ ಬರುವುದನ್ನು ಬಿಡಲಾ?

ಬಿಡಬೇಡಿ. ಮನಸ್ಸಾಕ್ಷಿಯ ಮಾತು ಕೇಳಬೇಕು ಅಂತ ಧರ್ಮಸಭೆಯೇ ಹೇಳುತ್ತದೆ. ಜೊತೆಗೇ, ಆ ಮನಸ್ಸಾಕ್ಷಿಗೆ ಕಲಿಸುವ ಹೊಣೆಯೂ ನಿಮ್ಮದು ಅನ್ನುತ್ತದೆ. ಅನುಮಾನ ಬರುವುದು ಪಾಪ ಅಲ್ಲ. ವಾಟ್ಸಾಪಿನಲ್ಲಿ ಬಂದಿದ್ದನ್ನೇ ಧರ್ಮಸಭೆಯ ಬೋಧನೆ ಅಂದುಕೊಂಡು ಸಿಟ್ಟಾಗುವವರು ಜಾಸ್ತಿ, ಹಾಗಾಗಿ ಮೂಲವನ್ನು ಓದಿ. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶದಲ್ಲಿ 2865 ಪ್ಯಾರಾಗಳಿವೆ. ಎಲ್ಲದಕ್ಕೂ ನಂಬರ್ ಇದೆ. ನೀತಿಯ ವಿಷಯ ಮೂರನೇ ಭಾಗದಲ್ಲಿ, 1691ನೇ ಪ್ಯಾರಾದಿಂದ ಶುರು. ದಿನಕ್ಕೆ ಎರಡು ಪುಟ ಸಾಕು. ಒಪ್ಪಲು ಆಗದ ಪ್ಯಾರಾದ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಭಾನುವಾರ ಪೂಜೆ ಮುಗಿದ ಕೂಡಲೇ ಫಾದರ್ ಸುತ್ತ ಜನ ಇರುತ್ತಾರೆ, ಆಗ ಬೇಡ. ವಾರದ ನಡುವೆ ಒಂದು ಸಂಜೆ ಫೋನ್ ಮಾಡಿ, ಸಮಯ ಕೇಳಿಕೊಂಡು, ಆ ಚೀಟಿ ಹಿಡಿದುಕೊಂಡು ಹೋಗಿ.